ಹೆಸರಿಗೊಂದು ಅಡ್ಡಹೆಸರು

ಮುರಗೋಡದ ಪೇಟೆಯಲ್ಲಿ ನಿಂತು 'ಬಸಪ್ಪನವರ ಮನೆ ಎಲ್ಲಿ?' ಎಂದು ಪರಸ್ಥಳದವರು ಕೇಳಿದರೆ, ಉತ್ತರಕ್ಕೆ ಬದಲಾಗಿ ಪ್ರಶ್ನೆಯೇ ಬರುತ್ತದೆ: 'ಯಾವ ಬಸಪ್ಪ? ಅಡ್ಡಹೆಸರೇನ್ರಿ?' ನಮ್ಮ ಭಾಗದಲ್ಲಿ ಅಡ್ಡಹೆಸರೆಂದರೆ ಮನೆತನದ ಹೆಸರು. ಒಂದೇ ಓಣಿಯಲ್ಲಿ ನಾಲ್ವರು ಬಸಪ್ಪಂದಿರಿದ್ದರೂ ಅಂಗಡಿ, ಹೂಗಾರ, ಪತ್ತಾರ ಎಂಬ ಮಾತು ಬಿದ್ದೊಡನೆ ಗೊಂದಲ ಹರಿಯುತ್ತದೆ. ಗಣಕಯಂತ್ರಗಳೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆಂಬುದು ನನಗೆ ತಿಳಿದದ್ದು ನಿವೃತ್ತಿಯ ಅನಂತರ. ಅದೂ ನನ್ನದೇ ಒಂದು ತಪ್ಪಿನಿಂದ.

ನಾನೂ ಮಿತ್ರರೊಬ್ಬರೂ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಉಳಿದ ಓಲೆಗರಿ ಕಟ್ಟುಗಳ ಪಟ್ಟಿಯನ್ನು ಬೇರೆಬೇರೆಯಾಗಿ ಸಿದ್ಧಪಡಿಸುತ್ತಿದ್ದೆವು. ಇಬ್ಬರ ಪಟ್ಟಿಯಲ್ಲಿಯೂ 'ಬರೆದವರು' ಎಂಬ ಅಂಕಣವಿತ್ತು. ನನ್ನಲ್ಲಿ ಅದರ ಅರ್ಥ ಕೃತಿಕಾರ. ಅವರಲ್ಲಿ ಓಲೆಯನ್ನು ಪ್ರತಿಮಾಡಿದ ಲಿಪಿಕಾರ. ಕನ್ನಡದಲ್ಲಿ ಎರಡೂ ಬರೆಯುವ ಕೆಲಸವೇ ತಾನೆ! ಹೆಸರು ಒಂದೇ ಇದೆಯೆಂಬ ಧೈರ್ಯದಿಂದ ನಾನು ಎರಡು ಪಟ್ಟಿಗಳನ್ನೂ ಗಣಕಯಂತ್ರದಲ್ಲಿ ಒಂದುಗೂಡಿಸಿದೆ. ಕೆಲವು ತಿಂಗಳು ಕಳೆದ ಮೇಲೆ ಸಂಶೋಧನ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ 'ಈ ಕವಿಯ ಬೇರೆ ಕೃತಿಗಳಾವುವು?' ಎಂದು ವಿಚಾರಿಸಿದರು. ಆತ ಕವಿಯಲ್ಲ, ಹೊಟ್ಟೆಪಾಡಿಗೆ ಪ್ರತಿಮಾಡುತ್ತಿದ್ದ ಒಬ್ಬ ಬಡ ಲಿಪಿಕಾರ. ವಿದ್ಯಾರ್ಥಿಯ ಪ್ರಬಂಧದಲ್ಲಿ ಆತನ ಮೇಲೆ ಒಂದು ಅಧ್ಯಾಯವೇ ಆಗಲೇ ಸಿದ್ಧವಾಗಿತ್ತು.

ಮಾಹಿತಿಯ ಪ್ರತಿಯೊಂದು ತುಣುಕಿನ ಹಿಂದೆಯೂ ಮುಂದೆಯೂ ಅದರ ಹೆಸರನ್ನು ಕಟ್ಟಿ ಬರೆಯುವ ಪದ್ಧತಿಗೆ ಎಕ್ಸ್‌ಎಂಎಲ್ ಎನ್ನುತ್ತಾರೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಸಂಸ್ಥೆ ಅದನ್ನು ಅಂಗೀಕರಿಸಿದ್ದು 1998ರಲ್ಲಿ. ಹೆಸರಿಡುವ ಸ್ವಾತಂತ್ರ್ಯ ಅಲ್ಲಿ ಎಲ್ಲರಿಗೂ ಉಂಟು. ತೊಡಕು ಹುಟ್ಟುವುದೂ ಅಲ್ಲಿಯೇ. ಆದುದರಿಂದ 1999ರ ಜನವರಿಯಲ್ಲಿ ಅದೇ ಸಂಸ್ಥೆ 'ನೇಮ್‌ಸ್ಪೇಸ್' ಎಂಬ ಕಟ್ಟಳೆಯನ್ನು ತಂದಿತು. ನಾನಂತೂ ಅದನ್ನು ಅಡ್ಡಹೆಸರೆಂದೇ ಕರೆಯುತ್ತೇನೆ. ಪ್ರತಿಯೊಂದು ಹೆಸರಿಗೂ ಜಾಲತಾಣದ ವಿಳಾಸದಂತಿರುವ ಉದ್ದನೆಯ ಗುರುತೊಂದು ಅಂಟಿಕೊಂಡಿರುತ್ತದೆ; ಬಳಕೆಗೆ ಸುಲಭವಾಗಲೆಂದು ಎರಡು ಮೂರು ಅಕ್ಷರಗಳ ಸಂಕ್ಷೇಪ. ಸಂಕ್ಷೇಪವನ್ನು ಯಾರು ಬೇಕಾದರೂ ಬದಲಿಸಿಕೊಳ್ಳಬಹುದು. ಉದ್ದನೆಯ ಗುರುತಿನಲ್ಲಿ ಮಾತ್ರ ಒಂದಕ್ಷರವೂ ಆಚೀಚೆಯಾಗಕೂಡದು. ವಿಳಾಸದಂತೆ ಕಂಡರೂ ಅಲ್ಲಿಗೆ ಹೋಗಿ ಬಾಗಿಲು ತಟ್ಟಬೇಕಾಗಿಲ್ಲ, ಮನೆಯೇ ಇಲ್ಲದಿರಲೂಬಹುದು! ಇದನ್ನು ಅರಗಿಸಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಕೊನೆಗೆ ನೆನಪಿಗೆ ಬಂದದ್ದು ವಚನಗಳ ಅಂಕಿತ. ಅಂಕಿತವು ಭಕ್ತಿಯ ಮಾತು, ಪಟ್ಟಿಯ ಮಾತಲ್ಲ. ಆದರೂ ಸಾವಿರಾರು ವಚನಗಳು ಕಟ್ಟುಗಳಲ್ಲಿ ಬೆರೆತುಹೋದಾಗ ಯಾರ ಮಾತು ಯಾರದೆಂದು ಹೇಳಿದ್ದು ಅದೇ. 'ಕೂಡಲಸಂಗಮದೇವ' ಎಂದರೆ ಬಸವಣ್ಣನವರು. 'ಕೂಡಲಚೆನ್ನಸಂಗಮದೇವ' ಎಂದರೆ ಅವರ ಸೋದರಳಿಯ ಚೆನ್ನಬಸವಣ್ಣನವರು. ಲಿಪಿಕಾರನು ತೂಕಡಿಸಿ 'ಚೆನ್ನ' ಎಂಬುದನ್ನು ಬಿಟ್ಟರೆ ಅಳಿಯನ ವಚನ ಮಾವನದಾಯಿತು. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದ ಕಾಲದಿಂದ ಇಂದಿನವರೆಗೂ ಸಂಪಾದಕರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತ ಬಂದುದು ಇಂತಹ ಎರಡೆರಡು ಅಕ್ಷರಗಳನ್ನೇ.

ನಮ್ಮ ಪಟ್ಟಿಯನ್ನು ಮರಳಿ ಕಟ್ಟುವಾಗ ಎಲ್ಲವನ್ನೂ ಹೊಸದಾಗಿ ಹೆಸರಿಸುವ ಹಟವನ್ನು ಬಿಟ್ಟೆವು. ಡಬ್ಲಿನ್ ಕೋರ್ ಎಂಬ ಹದಿನೈದು ಹೆಸರುಗಳ ಗುಂಪೊಂದಿದೆ. 1995ರಲ್ಲಿ ಅದರ ಸಭೆ ಸೇರಿದ ಡಬ್ಲಿನ್, ಐರ್ಲೆಂಡಿನದಲ್ಲ, ಅಮೆರಿಕದ ಓಹಾಯೋ ರಾಜ್ಯದ್ದು. (ಊರಿಗೂ ಅಡ್ಡಹೆಸರು ಬೇಕು, ನೋಡಿ!) ಶೀರ್ಷಿಕೆ, ಕೃತಿಕಾರ, ಭಾಷೆ, ವಿಷಯ ಇವನ್ನು ಅಲ್ಲಿಂದ ಅವುಗಳ ಅಡ್ಡಹೆಸರಿನ ಸಮೇತ ಎರವಲು ತಂದೆವು. ಬೇರೆ ಗ್ರಂಥಾಲಯದ ಯಂತ್ರವೂ ಅವನ್ನು ಗುರುತಿಸಬಲ್ಲುದು. ಲಿಪಿಕಾರ, ಗರಿಗಳ ಸಂಖ್ಯೆ, ಪ್ರತಿಯಾದ ಸಂವತ್ಸರ ಇವು ನಮ್ಮ ಮನೆತನದವೇ ಆಗಿ ನಿಂತವು. ಎರಡೂ ಒಂದೇ ಕಾಗದದಲ್ಲಿ ಜಗಳವಿಲ್ಲದೆ ಬಾಳುತ್ತಿವೆ.

ಆದರೆ ಅಡ್ಡಹೆಸರು ಅರ್ಥವನ್ನು ಹೇಳುವುದಿಲ್ಲ. 'ಅಂಗಡಿ ಬಸಪ್ಪ' ಎಂದಾಕ್ಷಣ ಅವನಿಗೆ ಅಂಗಡಿಯಿದೆಯೆಂದು ನಂಬಬಹುದೆ? ಒಂದೊಂದು ಹೆಸರಿಗೂ ನಾವೇನನ್ನು ಉದ್ದೇಶಿಸಿದ್ದೇವೆಂದು ತಿಳಿಗನ್ನಡದಲ್ಲಿ ಎರಡು ಸಾಲು ಬರೆದಿಡಬೇಕಾಯಿತು. ಯಂತ್ರದ ಕೆಲಸಕ್ಕಿಂತ ಹೆಚ್ಚು ದಿನ ಹಿಡಿದದ್ದು ಅದಕ್ಕೇ. ಬಳಿಕ ಮಿತ್ರರೊಡನೆ ಕುಳಿತು ಕಟ್ಟುಗಳನ್ನು ಮತ್ತೆ ಬಿಚ್ಚಿದೆ. ಕೆಲವು ಓಲೆಗಳ ಕೊನೆಯಲ್ಲಿ ಒಂದು ಹೆಸರಷ್ಟೇ ಇದೆ; ಅದು ಕವಿಯದೋ ಲಿಪಿಕಾರನದೋ ಓಲೆ ಹೇಳುತ್ತಿಲ್ಲ. ಅಲ್ಲಿ ಎರಡು ಅಂಕಣಗಳನ್ನೂ ಬರಿದಾಗಿಯೇ ಬಿಟ್ಟಿದ್ದೇವೆ.