ಮನೆಯ ಪರ್ಸಿಗೆ ಇಂಗ್ಲಿಷಿನಲ್ಲಿ ಏನಂತಾರ?

ಇದನ್ನ ಮನ್ಯಾಗ ಕೂತು ಕೇಳ್ತಿದ್ರ ಒಂದ್ಸಲ ಕಾಲ ಕೆಳಗ ನೋಡ್ರಿ. ನಾಲವಾರ, ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯವರಾಗಿದ್ರ ಅಲ್ಲಿ ಬಹುಶಃ ಪರ್ಸಿ ಇರ್ತದ. ನಡುಮನೆಗೆ, ಅಂಗಳಕ್ಕೆ, ಅಡುಗೆಮನೆ ಕಟ್ಟೆಗೆ, ಬಚ್ಚಲಿಗೆ, ಎಲ್ಲಾದಕ್ಕೂ ಅದೇ ಕಲ್ಲು. ಈಗ ಹೇಳ್ರಿ, ಇದಕ್ಕ ಇಂಗ್ಲಿಷಿನಲ್ಲಿ ಏನಂತಾರ?

ಸುಲಭ ಅನಸ್ತದಲ್ಲ? ನನಗೂ ಹಂಗೇ ಅನಿಸಿತ್ತು.

ನಮ್ಮಪ್ಪನದು ಪರ್ಸಿ ವ್ಯಾಪಾರ. ಡಿಗ್ರಿ ಮುಗಿಸಿ ಮನೆಯಲ್ಲಿ ಖಾಲಿ ಕೂತಿದ್ದೆ. ಮಾಲನ್ನು ಆನ್‌ಲೈನಿಗೆ ಹಾಕೋಣ ಅಂತ ಫೋಟೊ ತೆಗೆದೆ. ಹೆಸರಿನ ಜಾಗದಲ್ಲಿ ಏನು ಬರೆಯೋದು? ಬರೀ ‘ಸ್ಟೋನ್’ ಅಂದರೆ ಸಣ್ಣತನ ಅನಿಸಿತು. ‘ಫ್ಲೋರ್ ಟೈಲ್ಸ್’ ಅಂತ ಬರೆದೆ. ಕೆಲವೇ ದಿನಗಳಲ್ಲಿ ಹೈದರಾಬಾದಿನಿಂದ ಆರ್ಡರ್ ಬಂತು, ಲಾರಿ ಹೋಯಿತು. ಅಲ್ಲಿ ಅವರು ಸ್ಕೇಲ್ ಹಿಡಿದು ನೋಡಿದರು. ಒಂದು ಕಲ್ಲು ತುಸು ದಪ್ಪ, ಇನ್ನೊಂದು ತುಸು ತೆಳು. ‘ಟೈಲ್ಸ್ ಅಂದ್ಮೇಲೆ ಎಲ್ಲಾ ಒಂದೇ ಸಮ ಇರಬೇಕಲ್ಲ?’ ಅಂದರು. ಲಾರಿ ತಿರುಗಿ ಬಂತು. ಹೋಗಿ ಬರುವ ಬಾಡಿಗೆ ನಮ್ಮ ತಲೆ ಮೇಲೆ.

ಅಪ್ಪ ಬೈಯಲಿಲ್ಲ. ‘ತಮ್ಮಾ, ಕಲ್ಲಿಂದೇನೂ ತಪ್ಪಿಲ್ಲ. ನೀ ಇಟ್ಟ ಹೆಸರಿಂದು ತಪ್ಪು’ ಅಂದ್ರು. ಬೈದಿದ್ರೇ ಚಲೋ ಇತ್ತು.

ಆಮೇಲೆ ಒಂದೊಂದೇ ಪದ ತೆಗೆದು ನೋಡ್ತಾ ಹೋದೆ.

ಮೊದಲು ‘ಟೈಲ್’. ಇದರ ಮೂಲ ಲ್ಯಾಟಿನ್, ಮುಚ್ಚೋದು ಅನ್ನುವ ಅರ್ಥದ್ದು. ಅಂದರೆ ಮಾಡಿನ ಹಂಚು. ಇವತ್ತು ಟೈಲ್ ಅಂದರೆ ಗ್ರಾಹಕನ ಕಣ್ಣಿಗೆ ಬರೋದು ಫ್ಯಾಕ್ಟರಿಯ ಅಚ್ಚಿನಲ್ಲಿ ಬಂದ ಮಾಲು, ಒಂದರಂತೆ ಇನ್ನೊಂದು. ನಮ್ಮ ಪರ್ಸಿ ಭೂಮಿಯಲ್ಲಿ ಪದರು ಪದರಾಗಿ ಕೂತಿರುತ್ತದೆ, ಪದರಿನಂತೆಯೇ ಏಳುತ್ತದೆ. ಪದರಿನ ದಪ್ಪ ಎಷ್ಟೋ ಕಲ್ಲಿನ ದಪ್ಪ ಅಷ್ಟು.

ಹಾಗಾದರೆ ‘ಸ್ಲ್ಯಾಬ್’? ಇಂಗ್ಲಿಷಿನಲ್ಲಿ ಸರಿ, ಅಗಲವಾದ ಚಪ್ಪಟೆ ಹಲಗೆಯಂಥದ್ದು. ಆದರೆ ನಮ್ಮೂರಲ್ಲಿ ‘ಸ್ಲ್ಯಾಬ್ ಹಾಕ್ಯಾರ’ ಅಂದರೆ ಕಾಂಕ್ರೀಟ್ ಮಾಳಿಗೆ! ಕೆಳಗಿನದ್ದು ಮೇಲಕ್ಕೆ ಹೋಯಿತು.

ಡಿಕ್ಷನರಿ ‘ಫ್ಲ್ಯಾಗ್‌ಸ್ಟೋನ್’ ಅನ್ನುತ್ತದೆ. ಬಾವುಟಕ್ಕೂ ಇದಕ್ಕೂ ಸಂಬಂಧ ಇಲ್ರಿ. ಕಲ್ಲಿನ ಚಪ್ಪಡಿಗೆ ಇದ್ದ ಹಳೆಯ ನಾರ್ಡಿಕ್ ಪದದಿಂದ ಬಂದದ್ದು ಅಂತಾರೆ. ಅರ್ಥ ಹತ್ತಿರದ್ದೇ. ಆದರೆ ಪುಣೆಯ ಕಾಂಟ್ರಾಕ್ಟರ್ ಈ ಪದ ಹಾಕಿ ಹುಡುಕ್ತಾನಾ?

‘ಮಾರ್ಬಲ್’ ಅಂದರೆ ರೇಟ್ ಜಾಸ್ತಿ ಸಿಗಬಹುದು, ಆದರೆ ಸುಳ್ಳು. ಸುಣ್ಣದ ಕಲ್ಲು ಭೂಮಿಯೊಳಗೆ ಬಿಸಿಗೂ ಒತ್ತಡಕ್ಕೂ ಸಿಕ್ಕು ಬದಲಾದರೆ ಮಾರ್ಬಲ್. ನಮ್ಮದು ಹಾಗೆ ಬದಲಾಗದೆ ಉಳಿದ ಸುಣ್ಣದ ಕಲ್ಲು, ‘ಲೈಮ್‌ಸ್ಟೋನ್’. ಈ ಪದ ಬರೆದರೆ ಗ್ರಾಹಕನಿಗೂ ಲಾಭ. ಬಾತ್‌ರೂಮಿನ ಆಸಿಡ್, ನಿಂಬೆರಸ ಬಿದ್ದರೆ ಹೊಳಪು ಹೋಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ.

ಆದರೆ ಲೈಮ್‌ಸ್ಟೋನ್ ಅಂತಷ್ಟೇ ಬರೆದರೂ ಸಾಲದು. ವಾಡಿಯ ಸಿಮೆಂಟ್ ಫ್ಯಾಕ್ಟರಿಗೆ ಹೋಗೋದೂ ಲೈಮ್‌ಸ್ಟೋನೇ. 1957ರ ಗಣಿ ಕಾಯ್ದೆ ಕಟ್ಟಡದ ಕಲ್ಲನ್ನು ಸಣ್ಣ ಖನಿಜ ಅನ್ನುತ್ತದೆ. ಸಿಮೆಂಟಿಗೆ ಹೋಗುವ ಸುಣ್ಣದ ಕಲ್ಲು ದೊಡ್ಡ ಖನಿಜಗಳ ಸಾಲಿನದು. ಕೆಲಸ ಬೇರೆಯಾದರೆ ಕಾನೂನಿನ ಪುಸ್ತಕದಲ್ಲೂ ಜಾಗ ಬೇರೆ.

ಅಳತೆಯಲ್ಲೂ ಹುಷಾರ್ರೀ. ಪರ್ಸಿ ವ್ಯಾಪಾರದಲ್ಲಿ ‘ಬ್ರಾಸ್’ ಅಂದರೆ 100 ಚದರ ಅಡಿ. ಹೊರಗಿನವರಿಗೆ 5 ಬ್ರಾಸ್ ಅಂತ ಬರೆದರೆ ಹಿತ್ತಾಳೆ ಮಾರ್ತಾನ ಅಂದ್ಕೊಂಡಾರು!

ಇಷ್ಟೆಲ್ಲಾ ತಿರುಗಾಡಿ ಮನೆಗೇ ಬಂದೆ. ‘ಪರ್ಸಿ’ ನಮಗೆ ಬಂದದ್ದು ಉರ್ದುವಿನ ‘ಫರ್ಶ್’ನಿಂದ. ಅದರ ಮೂಲ ಅರಬ್ಬಿ, ಅರ್ಥ ಹಾಸೋದು. ಕನ್ನಡದಲ್ಲಿ ಇದು ಹಾಸುಗಲ್ಲು. ಎರಡೂ ಭಾಷೆಯವರು ಕಲ್ಲಿನ ಕೆಲಸ ನೋಡಿಯೇ ಹೆಸರಿಟ್ಟಿದ್ದಾರೆ. ಚಂದ ಕೇಳಸ್ತದ ಅಂತ ಹೆಸರಿಟ್ಟವನು ನಾನೊಬ್ಬನೇ.

ಹಾಗಾಗಿ ಈಗ ಮೂರು ಪ್ರಶ್ನೆ ಕೇಳ್ಕೊಳ್ತೀನಿ. ಇದು ಏನು? ಯಾವ ಕೆಲಸಕ್ಕೆ? ಓದುವವನಿಗೆ ಮೊದಲು ಏನು ಗೊತ್ತಾಗಬೇಕು? ಉತ್ತರ ಒಂದೇ ಪದದಲ್ಲಿ ಸಿಗದಿದ್ದರೆ ನಾಲ್ಕು ಪದ ಬರೀತೀನಿ: ‘ಶಹಾಬಾದ್ ಲೈಮ್‌ಸ್ಟೋನ್ ಫ್ಲೋರಿಂಗ್ ಸ್ಲ್ಯಾಬ್ಸ್’. ಕೆಳಗೆ ಅಳತೆ ಚದರ ಅಡಿಯಲ್ಲಿ. ಅದರ ಕೆಳಗೆ, ದಪ್ಪ ಒಂದೇ ಸಮ ಇರೋದಿಲ್ಲ ಅಂತ ಒಂದು ಸಾಲು. ನೋಡ್ರಿ, ‘ಸ್ಲ್ಯಾಬ್’ ಪಕ್ಕ ‘ಫ್ಲೋರಿಂಗ್’ ಬಂದ ಕೂಡಲೇ ಮಾಳಿಗೆಯಿಂದ ನೆಲಕ್ಕೆ ಇಳೀತು.

ಆ ಸಾಲು ನೋಡಿದವರಲ್ಲಿ ಕೆಲವರು ಫೋನೇ ಮಾಡಲ್ಲ. ಮಾಡೋರು ಮಾತ್ರ ಮೊದಲು ದಪ್ಪ ಕೇಳ್ತಾರೆ, ಆಮೇಲೆ ರೇಟು. ಲಾರಿ ಮತ್ತೆ ತಿರುಗಿ ಬಂದಿಲ್ಲ.

ಹೊಸ ಹೆಸರನ್ನ ಅಪ್ಪಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ಶಹಾಬಾದ್ ಅಂತ ಮೊದಲಿಗೇ ಹಾಕೀದಿ, ಚಲೋ ಮಾಡ್ದಿ’ ಅಂದ್ರು.

ನಿಮ್ಮ ಮನೆಯಲ್ಲಿ ಇಂಗ್ಲಿಷ್ ಹೆಸರಿಗೆ ಸಿಗದ ವಸ್ತು ಯಾವುದದ? ಈ ಮೂರು ಪ್ರಶ್ನೆ ಹಾಕಿ ನೋಡ್ರಿ, ಸಿಕ್ಕಿದ್ದನ್ನ ವಾಯ್ಸ್ ಮೆಸೇಜ್ ಮಾಡ್ರಿ. ಮತ್ತೆ ಸಿಗೋಣ್ರಿ.