ಜಪಾನಿನ ಹಳೆಯ ಮಿನಿ ಟ್ರಕ್ಕುಗಳು: ತರಿಸುವ ಮುನ್ನ ತಿಳಿಯಬೇಕಾದುದು
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಮೆರಿಕದ ರೈತರು ಜಪಾನಿನಿಂದ ತರಿಸಿದ ಪುಟ್ಟ ಟ್ರಕ್ಕುಗಳಲ್ಲಿ ಹುಲ್ಲು, ಗೊಬ್ಬರ, ಬೇಲಿಯ ಕಂಬಗಳನ್ನು ಸಾಗಿಸುವ ದೃಶ್ಯಗಳನ್ನು ತಮ್ಮಲ್ಲಿ ಹಲವರು ಮೊಬೈಲಿನಲ್ಲಿ ನೋಡಿರಬಹುದು. ಅವರಿಗೆ ಒದಗಿದ ಅನುಕೂಲ ನಮ್ಮ ರೈತರಿಗೂ ಏಕೆ ಒದಗಬಾರದು ಎಂಬ ಪ್ರಶ್ನೆ ಸಹಜವಾದುದೇ. ರೈತರು ಇಂತಹ ಪ್ರಶ್ನೆಯನ್ನು ಮೊದಲು ಕೇಳುವುದು ತಮ್ಮ ವಾರ್ಡಿನ ಸದಸ್ಯರನ್ನು. ಆದ್ದರಿಂದ ಈ ವಾಹನದ ಹಿನ್ನೆಲೆ, ಅಮೆರಿಕದ ರೈತರ ಅನುಭವ ಮತ್ತು ನಮ್ಮ ದೇಶದ ನಿಯಮ, ಈ ಮೂರನ್ನೂ ತಮ್ಮ ಮುಂದಿಡಲು ಬಯಸುತ್ತೇನೆ.

ಜಪಾನಿನಲ್ಲಿ ಈ ವಾಹನಗಳನ್ನು ‘ಕೇ’ ಟ್ರಕ್ಕುಗಳೆಂದು ಕರೆಯುತ್ತಾರೆ. ‘ಕೇ’ ಎಂದರೆ ಹಗುರವಾದದ್ದು ಎಂದರ್ಥ. ಎರಡನೆಯ ಮಹಾಯುದ್ಧದಲ್ಲಿ ಜರ್ಜರಿತವಾದ ಆ ದೇಶವು 1949ರಲ್ಲಿ ಕಿರು ವಾಹನಗಳಿಗಾಗಿ ಪ್ರತ್ಯೇಕ ವರ್ಗವೊಂದನ್ನು ಏರ್ಪಡಿಸಿತು. ಎಂಜಿನ್ನಿನ ಗಾತ್ರದ ಮಿತಿಯನ್ನು ಹಂತಹಂತವಾಗಿ ಏರಿಸಿ 1990ರಲ್ಲಿ 660 ಸಿಸಿಗೆ ತರಲಾಯಿತು. ಇಂದಿನ ನಿಯಮದಂತೆ ವಾಹನದ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎತ್ತರ 2 ಮೀಟರ್ ಮೀರುವಂತಿಲ್ಲ. ಹೊರಬಹುದಾದ ಸರಕು 350 ಕಿಲೋಗ್ರಾಂ. ಸುಜುಕಿ ಕ್ಯಾರಿ, ಡೈಹಾಟ್ಸು ಹೈಜೆಟ್, ಸುಬಾರು ಸಾಂಬಾರ್, ಹೋಂಡಾ ಆಕ್ಟಿ, ಮಿತ್ಸುಬಿಷಿ ಮಿನಿಕ್ಯಾಬ್ ಈ ವರ್ಗದ ಹೆಸರಾಂತ ವಾಹನಗಳು.

ಈ ವಾಹನವು ಕೃಷಿಗೆ ಒಗ್ಗಿದ್ದು ಅದರ ಚಿಕ್ಕತನದಿಂದಲೇ. ಜಪಾನಿನ ಗದ್ದೆಗಳು ಸಣ್ಣವು, ಅವುಗಳ ನಡುವಿನ ದಾರಿಗಳು ಕಿರಿದಾದವು. ಟ್ರಕ್ಕಿನ ಹಿಂಭಾಗದ ಮೂರು ಬದಿಯ ಹಲಗೆಗಳನ್ನೂ ಕೆಳಗಿಳಿಸಬಹುದಾದ್ದರಿಂದ ಮೂಟೆಗಳನ್ನು ಯಾವ ಕಡೆಯಿಂದಲಾದರೂ ಹೇರಬಹುದು, ಇಳಿಸಬಹುದು. ಕೆಲವು ಮಾದರಿಗಳಲ್ಲಿ ಕೆಸರು ದಾಟಲು ನಾಲ್ಕು ಚಕ್ರಗಳ ಚಾಲನೆ ಮತ್ತು ನಡಿಗೆಯ ವೇಗದಲ್ಲಿ ಸಾಗಲು ಅತಿ ನಿಧಾನದ ಗೇರ್ ಕೂಡ ಇವೆ.

ಸ್ಥಳೀಯ ಆಡಳಿತದಲ್ಲಿರುವ ನಾವು ಗಮನಿಸಬೇಕಾದ ಮತ್ತೊಂದು ಅಂಶವಿದೆ. ಜಪಾನಿನಲ್ಲಿ ದೊಡ್ಡ ಕಾರುಗಳ ವಾರ್ಷಿಕ ತೆರಿಗೆ ಪ್ರಾಂತ್ಯದ ಬೊಕ್ಕಸಕ್ಕೆ ಸೇರಿದರೆ, ಕಿರು ವಾಹನಗಳ ತೆರಿಗೆ ಆಯಾ ನಗರ, ಪಟ್ಟಣ ಅಥವಾ ಗ್ರಾಮದ ಸ್ಥಳೀಯ ಸಂಸ್ಥೆಗೇ ಸೇರುತ್ತದೆ. 2015ರ ಏಪ್ರಿಲ್ ನಂತರ ಹೊಸದಾಗಿ ನೋಂದಣಿಯಾದ ಸ್ವಂತ ಬಳಕೆಯ ಕಿರು ಟ್ರಕ್ಕಿಗೆ ಇದು ವರ್ಷಕ್ಕೆ 5,000 ಯೆನ್. ವಾಹನ ಸಂಚರಿಸುವ ಊರ ದಾರಿಯನ್ನು ನೋಡಿಕೊಳ್ಳುವ ಸಂಸ್ಥೆಗೇ ಆ ವಾಹನದ ತೆರಿಗೆಯೂ ದೊರೆಯುವ ಈ ವ್ಯವಸ್ಥೆ ವಿಚಾರಯೋಗ್ಯವಾಗಿದೆ.

ಇನ್ನು ಅಮೆರಿಕದ ವಿಷಯ. ಅಲ್ಲಿ ತಯಾರಾಗುವ ಪಿಕಪ್ ಟ್ರಕ್ಕುಗಳು ಗಾತ್ರದಲ್ಲೂ ಬೆಲೆಯಲ್ಲೂ ಬೆಳೆಯುತ್ತಲೇ ಬಂದಿವೆ. ಸಣ್ಣ ಜಮೀನಿನವರಿಗೆ ಜಪಾನಿನ ಹಳೆಯ ಟ್ರಕ್ಕು ಅಗ್ಗದ ಪರ್ಯಾಯವಾಗಿ ಕಂಡಿತು. ಆದರೆ 1988ರ ಕಾನೂನಿನ ಮೇರೆಗೆ, ಅಲ್ಲಿನ ಸುರಕ್ಷತಾ ಮಾನದಂಡಗಳಿಗೆ ಅನುಗುಣವಾಗಿ ತಯಾರಾಗದ ವಾಹನವನ್ನು ರಸ್ತೆಯ ಬಳಕೆಗೆಂದು ಸುಲಭವಾಗಿ ತರಿಸಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ನೆರೆಯ ಕೆನಡಾದಲ್ಲಿ ಈ ಅವಧಿ 15 ವರ್ಷ. ಹೀಗಾಗಿ ಅಮೆರಿಕದ ರಸ್ತೆಗಳಿಗೆ ಹೀಗೆ ಬಂದಿಳಿದವು ಕಾಲು ಶತಮಾನ ದುಡಿದ ವಾಹನಗಳು.

ಮುಂದಿನ ತೊಡಕು ಆರಂಭವಾದದ್ದು ಅಲ್ಲಿಂದಲೇ. ಆಮದಿಗೆ ಅನುಮತಿ ನೀಡುವುದು ಕೇಂದ್ರ ಸರ್ಕಾರ. ರಸ್ತೆಗಿಳಿಯಲು ನೋಂದಣಿ ನೀಡುವುದು ಆಯಾ ರಾಜ್ಯ. ಬಂದರಿನಲ್ಲಿ ಸುಂಕ ಕಟ್ಟಿ ಸಕ್ರಮವಾಗಿ ಬಿಡಿಸಿಕೊಂಡ ವಾಹನವನ್ನು ಕೆಲವು ರಾಜ್ಯಗಳು ನೋಂದಾಯಿಸಲು ಒಪ್ಪಲಿಲ್ಲ. ಅಪಘಾತದಲ್ಲಿ ಇಷ್ಟು ಹಗುರವಾದ ವಾಹನ ತನ್ನೊಳಗಿನವರನ್ನು ಕಾಪಾಡಲಾರದು ಎಂಬುದು ಅವುಗಳ ವಾದ. ಮೇನ್, ಜಾರ್ಜಿಯಾ, ರೋಡ್ ಐಲೆಂಡ್ ರಾಜ್ಯಗಳಲ್ಲಿ ಮಾಲೀಕರು ಇದರಿಂದ ಸಂಕಟಕ್ಕೊಳಗಾದರು. ಟೆಕ್ಸಾಸ್‌ನಲ್ಲಿ ಮಾಲೀಕರು ಸಂಘಟಿತರಾಗಿ ಮನವಿ ಸಲ್ಲಿಸಿದ ಮೇಲೆ 2024ರಲ್ಲಿ ಅಲ್ಲಿನ ಇಲಾಖೆ ತನ್ನ ನಿಲುವನ್ನು ಸಡಿಲಿಸಿತು. ಹೊಲದೊಳಗೆ ಉಪಯುಕ್ತವಾದ ವಾಹನವೇ ಹೊಲದ ಗೇಟು ದಾಟಿದೊಡನೆ ವಿವಾದಕ್ಕೆ ಗುರಿಯಾದುದನ್ನು ನಾವು ಮುಖ್ಯವಾಗಿ ಗಮನಿಸಬೇಕು.

ಈಗ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಇಲ್ಲಿನ ಆಮದು ನೀತಿ ಅಮೆರಿಕದ ನಿಯಮಕ್ಕೆ ತದ್ವಿರುದ್ಧವಾಗಿದೆ. ಅಲ್ಲಿ ವಾಹನ ಹಳೆಯದಾದಷ್ಟೂ ದಾರಿ ಸುಗಮ. ಇಲ್ಲಿ ತಯಾರಾಗಿ 3 ವರ್ಷ ಮೀರಿದ ಬಳಸಿದ ವಾಹನವನ್ನು ತರಿಸುವಂತಿಲ್ಲ. ಅದು ಬಲಬದಿಯ ಚಾಲನೆಯದಾಗಿರಬೇಕು, ಆಮದಾದ ದಿನದಿಂದ ಕನಿಷ್ಠ 5 ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವಾಗಿರಬೇಕು, ಮುಂಬಯಿ ಬಂದರಿನ ಮೂಲಕವೇ ಬರಬೇಕು, ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಹೊಂದಬೇಕು. ಜಪಾನಿನಲ್ಲೂ ನಮ್ಮಂತೆ ಎಡಬದಿಯ ಸಂಚಾರವಿರುವುದರಿಂದ ಬಲಬದಿಯ ಚಾಲನೆ ಸಮಸ್ಯೆಯಾಗದು. ಸಮಸ್ಯೆ ಇರುವುದು ವಯಸ್ಸಿನಲ್ಲಿ. ಅಗ್ಗವಾಗಿ ಸಿಗುವವು ಹಳೆಯ ಟ್ರಕ್ಕುಗಳು, ಅವುಗಳಿಗೆ ಪ್ರವೇಶವಿಲ್ಲ. ಪ್ರವೇಶವಿರುವ ಮೂರು ವರ್ಷದೊಳಗಿನ ಟ್ರಕ್ಕು ಅಗ್ಗವಲ್ಲ. ಅದರ ಮೇಲೆ ಹಡಗಿನ ಬಾಡಿಗೆ, ಸುಂಕ, ತಪಾಸಣೆಯ ವೆಚ್ಚಗಳೂ ಸೇರುತ್ತವೆ. ಹೀಗಿರುವಾಗ ಲಾಭವೆಲ್ಲಿಂದ ಬರಬೇಕು?

ಆದುದರಿಂದ ‘ಜಪಾನಿನ ಹಳೆಯ ಟ್ರಕ್ಕು, ಅರ್ಧ ಬೆಲೆ, ಕೃಷಿಗೆ ನೋಂದಣಿ ಬೇಡ’ ಎಂದು ಹೇಳಿ ಯಾರಾದರೂ ಮುಂಗಡ ಹಣ ಕೇಳಿದರೆ, ಒಂದು ರೂಪಾಯಿಯನ್ನೂ ನೀಡದಂತೆ ತಮ್ಮ ಊರಿನ ರೈತರಿಗೆ ತಿಳಿಹೇಳಬೇಕೆಂದು ಕೋರುತ್ತೇನೆ. 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಓಡುವ ಮೋಟಾರು ವಾಹನಕ್ಕೆ ನೋಂದಣಿ ಕಡ್ಡಾಯ. ಮೂರನೆಯ ವ್ಯಕ್ತಿಯ ವಿಮೆಯೂ ಕಡ್ಡಾಯ. ಊರಿನ ರಸ್ತೆಯೂ ಸಾರ್ವಜನಿಕ ಸ್ಥಳವೇ. ವಿಮೆಯಿಲ್ಲದ ವಾಹನದಿಂದ ಜೀವಹಾನಿಯಾದರೆ ಪರಿಹಾರದ ಹೊಣೆ ಮಾಲೀಕನ ಮೇಲೆ ಬೀಳುತ್ತದೆ. ಎರಡು ಎಕರೆಯ ರೈತನಿಗೆ ಅದು ಜಮೀನನ್ನೇ ಕಳೆಯುವ ಹೊಣೆಯಾದೀತು. ಇಂತಹ ವಾಹನಕ್ಕೆ ಪಂಚಾಯಿತಿಯ ನಿರಾಕ್ಷೇಪಣಾ ಪತ್ರವು ನೋಂದಣಿಗೆ ಬದಲಿಯಾಗದು. ಅಂತಹ ಪತ್ರ ನೀಡಿ ರೈತರಲ್ಲಿ ಹುಸಿ ಭರವಸೆ ಮೂಡಿಸಬಾರದು.

ಹಾಗೆಂದು ನಿರಾಶರಾಗಬೇಕಿಲ್ಲ. ಜಪಾನಿನ ಕಿರು ವಾಹನದ ಪರಂಪರೆ ನಮ್ಮ ಊರುಗಳಿಗೆ ಎಂದೋ ಬಂದಿದೆ. 1984ರಲ್ಲಿ ಬಂದ, ಮುಂದೆ ಓಮ್ನಿ ಎಂದು ಮನೆಮಾತಾದ ಮಾರುತಿ ವ್ಯಾನ್ ಸುಜುಕಿ ಕ್ಯಾರಿಯ ವಂಶದ್ದೇ. 2005ರಲ್ಲಿ ಟಾಟಾ ಏಸ್, 2016ರಲ್ಲಿ ಮಾರುತಿ ಸೂಪರ್ ಕ್ಯಾರಿ ಬಂದವು. ಇವುಗಳಿಗೆ ಬಿಡಿಭಾಗ ಸಿಗುತ್ತದೆ, ಮೆಕ್ಯಾನಿಕ್ ಹೋಬಳಿಯಲ್ಲೇ ಸಿಗುತ್ತಾನೆ, ಬ್ಯಾಂಕಿನ ಸಾಲಕ್ಕೂ ವಿಮೆಗೂ ಅಡ್ಡಿಯಿಲ್ಲ. ಒಬ್ಬರಿಗೆ ಭಾರವಾಗುವ ವಾಹನವನ್ನು ರೈತ ಉತ್ಪಾದಕ ಸಂಸ್ಥೆಯೋ ಸ್ವಸಹಾಯ ಸಂಘವೋ ಕೊಂಡು, ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರಗಳನ್ನು ನೀಡುವಂತೆ, ಬಾಡಿಗೆಗೆ ನೀಡಬಹುದು.

ಪಂಚಾಯಿತಿಯ ಮಟ್ಟದಲ್ಲಿ ಆಗಬೇಕಾದ ಮೂರು ಕಾರ್ಯಗಳನ್ನು ಸೂಚಿಸುತ್ತೇನೆ.

ಮೊದಲನೆಯದು ದಾರಿ. ಹೊಲದ ದಾರಿಯ ಕಾಮಗಾರಿ ಕೈಗೊಳ್ಳುವಾಗ ಮಿನಿ ಟ್ರಕ್ಕು ಸಾಗುವಷ್ಟು ಅಗಲ, ಕಾಲುವೆ ದಾಟಲು ಮೋರಿ, ದಾರಿಯ ಕೊನೆಯಲ್ಲಿ ವಾಹನ ತಿರುಗಿಸಲು ಜಾಗ ಇವು ಕ್ರಿಯಾಯೋಜನೆಯಲ್ಲೇ ಸೇರಿರಲಿ. ಎಷ್ಟು ಚಿಕ್ಕ ವಾಹನವಾದರೂ ಮಳೆಗಾಲದಲ್ಲಿ ಹೂತುಹೋಗುವ ದಾರಿಯಲ್ಲಿ ಪ್ರಯೋಜನಕ್ಕೆ ಬಾರದು.

ಎರಡನೆಯದು ಸಂತೆ. ಜಪಾನಿನ ಇವಾತೆ ಪ್ರಾಂತ್ಯದ ಶಿಜುಕುಇಶಿ ಎಂಬ ಪಟ್ಟಣದಲ್ಲಿ 2005ರಿಂದ ‘ಕಿರು ಟ್ರಕ್ಕಿನ ಸಂತೆ’ ನಡೆಯುತ್ತಿದೆ. ರೈತರು ಮುಖ್ಯ ಬೀದಿಯಲ್ಲಿ ಟ್ರಕ್ಕುಗಳನ್ನು ಸಾಲಾಗಿ ನಿಲ್ಲಿಸಿ, ಹಿಂಭಾಗದ ಹಲಗೆ ಇಳಿಸಿ, ಅದನ್ನೇ ಅಂಗಡಿಯಾಗಿಸಿ ತರಕಾರಿ, ಹಣ್ಣು ಮಾರುತ್ತಾರೆ. ಕಟ್ಟೆ ಬೇಡ, ಮಳಿಗೆ ಬೇಡ. ಸಂತೆಯ ನಿರ್ವಹಣೆ ನಮ್ಮ ಪಂಚಾಯಿತಿಗಳ ಕೈಯಲ್ಲೇ ಇದೆ. ಸಂತೆಯ ಮೈದಾನದಲ್ಲಿ ಬೆಳೆಗಾರರ ವಾಹನಗಳಿಗೆಂದು ಒಂದು ಸಾಲು ಮೀಸಲಿಟ್ಟು ನೋಡಬಹುದು.

ಮೂರನೆಯದು ಜೀವರಕ್ಷಣೆ. ಸರಕು ವಾಹನದ ಹಿಂಭಾಗದಲ್ಲಿ ಕೂಲಿ ಕಾರ್ಮಿಕರನ್ನು ನಿಲ್ಲಿಸಿಕೊಂಡು ಹೋಗುವ ಪದ್ಧತಿಯಿಂದ ಎಷ್ಟೋ ಮನೆಗಳ ದೀಪ ಆರಿವೆ. ಇದನ್ನು ತಡೆಯುವ ವಿಷಯ ಗ್ರಾಮಸಭೆಯಲ್ಲಿ ಚರ್ಚೆಯಾಗಿ, ಊರಿನ ಒಪ್ಪಿಗೆಯ ನಿರ್ಣಯವಾಗಲಿ.

ವಾಹನ ಯಾವ ದೇಶದ್ದೆಂಬುದಕ್ಕಿಂತ ಅದು ನಮ್ಮ ದಾರಿಗೆ, ನಮ್ಮ ಕಾನೂನಿಗೆ, ನಮ್ಮ ರೈತನ ಆದಾಯಕ್ಕೆ ಹೊಂದುವುದೇ ಎಂಬುದು ಮುಖ್ಯ. ಕೊಳ್ಳುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವಂತೆ ಪ್ರತಿ ಸದಸ್ಯರೂ ತಮ್ಮ ವಾರ್ಡಿನಲ್ಲಿ ತಿಳಿಸಿದರೆ ಈ ಉಪನ್ಯಾಸ ಸಾರ್ಥಕ.