ಕಂದು ಹಾಕಿದ ಆಕಳೂ ಮನೆಯೊಳಗಿನ ಜ್ವರವೂ

(ಶಾಲೆಯ ಪಾಲಕರ ಸಮ್ಮೇಲನದಲ್ಲಿ ಮಾಡಿದ ಭಾಷಣ)



ಜಾನುವಾರುಗಳಿಂದ ಮನುಷ್ಯರಿಗೆ ತಗಲುವ ರೋಗಗಳನ್ನು ತಡೆಯುವ ಬಗೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದ್ದಾರೆ. ವಿಷಯವು ಬಹಳ ವಿಸ್ತಾರವಾದುದು. ಇಂಥ ರೋಗಗಳೆಲ್ಲವನ್ನೂ ಒಂದೇ ಹೊತ್ತಿನಲ್ಲಿ ಹೇಳಹೊರಟರೆ ಕೇಳಿದವರ ಮನಸ್ಸಿನಲ್ಲಿ ಯಾವುದೊಂದೂ ನಿಲ್ಲದು. ಆದುದರಿಂದ ನಮ್ಮ ಕೊಟ್ಟಿಗೆಗಳಿಗೆ ತೀರ ಹತ್ತಿರವಾದ, ಆದರೆ ನಾವು ಹೆಚ್ಚಾಗಿ ಮಾತನಾಡದ ಒಂದು ರೋಗವನ್ನು ಮಾತ್ರ ಆರಿಸಿಕೊಂಡಿದ್ದೇವೆ.

ಶಾಸ್ತ್ರಜ್ಞರು ಇದನ್ನು ಬ್ರುಸೆಲ್ಲೋಸಿಸ್ ಎಂದು ಕರೆಯುತ್ತಾರೆ. ನಮ್ಮ ಜತ್ತ, ಅಕ್ಕಲಕೋಟೆಯ ಸೀಮೆಯ ಜನಾವರ ದವಾಖಾನೆಗಳಲ್ಲಿ ಮರಾಠಿಯ ‘ಸಾಂಸರ್ಗಿಕ ಗರ್ಭಪಾತ’ ಎಂಬ ಹೆಸರು ರೂಢಿಯಲ್ಲಿದೆ. ನಮ್ಮ ಅಜ್ಜಿಯಂದಿರಿಗೆ ಈ ಎರಡೂ ಹೆಸರುಗಳು ತಿಳಿಯವು. ಅವರು ‘ಆಕಳು ಕಂದು ಹಾಕಿತು’ ಎಂದಷ್ಟೇ ಹೇಳಿ, ದೃಷ್ಟಿ ತಾಗಿತೆಂದೋ ಮೇವಿನಲ್ಲಿ ಏನೋ ಬಂದಿತೆಂದೋ ನಿಟ್ಟುಸಿರು ಬಿಡುತ್ತಾರೆ. ಆಕಳು ಕಂದು ಹಾಕಿದ ಸಂಗತಿಗೂ, ಅದಾದ ಎರಡು ತಿಂಗಳಿಗೆ ಮನೆಯ ಯಜಮಾನ ಬೆನ್ನು ಹಿಡಿದುಕೊಂಡು ಜ್ವರದಿಂದ ಮಲಗಿದ ಸಂಗತಿಗೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಆ ಸಂಬಂಧವನ್ನು ತೋರಿಸಿಕೊಡುವುದೇ ನಮ್ಮ ಇಂದಿನ ಕೆಲಸ.

ಮೊದಲು ದನದ ಕಡೆಯಿಂದ ನೋಡೋಣ. ಈ ರೋಗದ ಅಣುಜೀವಿಯು ಗಬ್ಬದ ಆಕಳು ಎಮ್ಮೆಗಳ ಗರ್ಭಕೋಶದಲ್ಲಿಯೂ ಕೆಚ್ಚಲಿನಲ್ಲಿಯೂ ನೆಲೆ ಮಾಡುತ್ತದೆ. ಆರೇಳು ತಿಂಗಳು ತುಂಬಿ, ಇನ್ನೇನು ಕರು ಬಂದೀತು ಎಂದು ಎಣಿಸುತ್ತಿರುವಾಗ ಗರ್ಭ ಬಿದ್ದುಹೋಗುತ್ತದೆ. ಬಿದ್ದ ಕಂದು, ಮಾಸು, ಜೊತೆಗೆ ಬಂದ ನೀರು ಇವುಗಳಲ್ಲಿ ರೋಗಾಣುಗಳು ಕೋಟಿಗಟ್ಟಲೆ ತುಂಬಿರುತ್ತವೆ. ಅದೇ ಹುಲ್ಲನ್ನು ನೆಕ್ಕಿದ, ಅದೇ ನೀರನ್ನು ಕುಡಿದ ಪಕ್ಕದ ಕಡಸಿಗೂ ರೋಗ ಅಂಟುತ್ತದೆ. ಒದೆತ ಬಿದ್ದು, ಜಾರಿ ಬಿದ್ದು, ಬೇರೆ ಕಾಯಿಲೆಗಳಿಂದಲೂ ದನಗಳು ಕಂದು ಹಾಕುವುದುಂಟು. ಕಾರಣ ಯಾವುದೆಂದು ಕಣ್ಣಿನಿಂದ ನೋಡಿ ಹೇಳಲಾಗದು, ರಕ್ತಪರೀಕ್ಷೆಯೇ ಬೇಕು.

ಈ ರೋಗದ ಒಂದು ಗುಣವನ್ನು ನೀವು ವಿಶೇಷವಾಗಿ ಗಮನಿಸಬೇಕು. ಒಮ್ಮೆ ಕಂದು ಹಾಕಿದ ಆಕಳು ಮುಂದಿನ ಸಲ ಹೆಚ್ಚಾಗಿ ದಿನ ತುಂಬಿಯೇ ಈಯುತ್ತದೆ. ಮೈ ನುಣುಪಾಗಿರುತ್ತದೆ, ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ. ‘ಪೀಡೆ ಕಳೆಯಿತು’ ಎಂದು ಮನೆಯವರು ಹಿಗ್ಗುತ್ತಾರೆ. ಆದರೆ ಪೀಡೆ ಕಳೆದಿರುವುದಿಲ್ಲ. ಆ ಆಕಳ ಹಾಲಿನಲ್ಲಿಯೂ, ಪ್ರತಿಯೊಂದು ಈತದ ಮಾಸಿನಲ್ಲಿಯೂ ರೋಗಾಣುಗಳು ಹೊರಬೀಳುತ್ತಲೇ ಇರಬಹುದು. ನೋಡಲಿಕ್ಕೆ ಚೆನ್ನಾಗಿರುವ ದನ ರೋಗವಿಲ್ಲದ ದನವೆಂಬ ನಂಬಿಕೆ ಇಲ್ಲಿ ಸಲ್ಲದು.

ಈ ನಂಬಿಕೆಯಿಂದ ಒಂದು ದ್ವೀಪಕ್ಕೆ ದ್ವೀಪವೇ ಮೋಸಹೋದ ಕಥೆಯುಂಟು. ಭೂಮಧ್ಯ ಸಮುದ್ರದಲ್ಲಿ ಮಾಲ್ಟಾ ಎಂಬ ಪುಟ್ಟ ದ್ವೀಪವಿದೆ. ಕಳೆದ ಶತಮಾನದ ಆರಂಭಕ್ಕೆ ಅದು ಇಂಗ್ಲಿಷರ ಕೈಯಲ್ಲಿತ್ತು. ಅಲ್ಲಿದ್ದ ಸಿಪಾಯಿಗಳು ಒಂದು ವಿಚಿತ್ರ ಜ್ವರಕ್ಕೆ ತುತ್ತಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿರುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು, ತೀರಿಕೊಂಡ ಸಿಪಾಯಿಗಳ ಗುಲ್ಮದಲ್ಲಿ ಆ ಜ್ವರದ ಅಣುಜೀವಿಯನ್ನು ಕಂಡುಹಿಡಿದನು. ರೋಗಕ್ಕೆ ಈಗಿರುವ ಹೆಸರು ಅವನಿಂದಲೇ ಬಂದುದು. ಅಣುಜೀವಿ ಸಿಕ್ಕಿತು, ಆದರೆ ಅದು ಎಲ್ಲಿಂದ ಬರುತ್ತದೆಂಬುದು ಮತ್ತೂ ಹದಿನೆಂಟು ವರ್ಷ ತಿಳಿಯಲಿಲ್ಲ. ಗಾಳಿಯನ್ನು ಶಂಕಿಸಿದರು, ಸೊಳ್ಳೆಯನ್ನು ಶಂಕಿಸಿದರು. ಆಡುಗಳನ್ನು ಮಾತ್ರ ಯಾರೂ ಶಂಕಿಸಲಿಲ್ಲ. ಏಕೆಂದರೆ ಅವು ಆರೋಗ್ಯವಾಗಿದ್ದವು! ಗೌಳಿಯು ಆಡುಗಳ ಹಿಂಡನ್ನು ಬೀದಿಯಲ್ಲಿ ನಡೆಸಿಕೊಂಡು ಬಂದು, ಮನೆಯ ಮೆಟ್ಟಿಲ ಬಳಿಯಲ್ಲೇ ಹಾಲು ಕರೆದುಕೊಡುತ್ತಿದ್ದನು. ಕಣ್ಣೆದುರಿಗೇ ಕರೆದ ಹಾಲು, ನೀರು ಬೆರೆಸಿಲ್ಲ, ಇದಕ್ಕಿಂತ ಶುದ್ಧವಾದುದು ಏನಿದ್ದೀತು ಎಂದು ಜನ ತಿಳಿದಿದ್ದರು.

1905ರಲ್ಲಿ ಮಾಲ್ಟಾದವನೇ ಆದ ಥೆಮಿಸ್ಟಾಕ್ಲೀಸ್ ಝಮ್ಮಿತ್ ಎಂಬ ವೈದ್ಯನು ಆ ಆಡುಗಳ ರಕ್ತವನ್ನು ಪರೀಕ್ಷಿಸಿದನು. ಹೊರಗೆ ಏನೊಂದೂ ತೋರದಿದ್ದ ಆಡುಗಳಲ್ಲಿ ರೋಗವು ಮನೆಮಾಡಿಕೊಂಡಿತ್ತು. ಮರುವರ್ಷ ಸಿಪಾಯಿಗಳಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದರು. ಸೈನ್ಯದಲ್ಲಿ ಜ್ವರವು ನೋಡುನೋಡುತ್ತ ಇಳಿದುಹೋಯಿತು. ಔಷಧವಿಲ್ಲ, ಚುಚ್ಚುಮದ್ದಿಲ್ಲ, ಹಸಿ ಹಾಲನ್ನು ಬಿಟ್ಟರು, ಅಷ್ಟೆ. ಆದರೆ ಊರಿನ ಜನ ಬಿಡಲಿಲ್ಲ. ಮನೆಬಾಗಿಲಿಗೆ ಬರುವ ಆಡನ್ನು ಅವಿಶ್ವಾಸದಿಂದ ಕಾಣಲು ಅವರಿಗೆ ಮನಸ್ಸಾಗಲಿಲ್ಲ. ಅವರ ಮನೆಗಳಲ್ಲಿ ಆ ಜ್ವರ ಮುಂದೆ ಎಷ್ಟೋ ವರ್ಷ ಉಳಿಯಿತು. ಅವರನ್ನು ಮೂಢರೆಂದು ನಗುವ ಅಧಿಕಾರ ನಮಗಿದೆಯೆಂದು ನಾವು ಭಾವಿಸುವುದಿಲ್ಲ.

ಆಡಿನ ಸಂಗತಿ ಹೀಗಾಯಿತು. ಆಕಳ ಸಂಗತಿ ತಿಳಿದುದು ಬೇರೆ ದಾರಿಯಿಂದ. ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ ಎಂಬವನು 1897ರಲ್ಲಿ ಆಕಳುಗಳು ಕಂದು ಹಾಕುವುದಕ್ಕೆ ಕಾರಣವಾದ ಒಂದು ಅಣುಜೀವಿಯನ್ನು ವರ್ಣಿಸಿದ್ದನು. ಮಾಲ್ಟಾದ ಜ್ವರಕ್ಕೂ ಇದಕ್ಕೂ ನಂಟಿದೆಯೆಂದು ಇಪ್ಪತ್ತು ವರ್ಷ ಯಾರೂ ಯೋಚಿಸಲಿಲ್ಲ. ಅಮೆರಿಕೆಯ ಸರಕಾರಿ ಪ್ರಯೋಗಶಾಲೆಯೊಂದರಲ್ಲಿ ಹಾಲಿನ ಪರೀಕ್ಷೆ ಮಾಡುತ್ತಿದ್ದ ಆಲಿಸ್ ಇವಾನ್ಸ್ ಎಂಬ ಮಹಿಳೆ ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿ, ಇವು ಒಂದೇ ಕುಲದವು, ಆದಕಾರಣ ಆಕಳ ಹಸಿ ಹಾಲೂ ಅಪಾಯಕರವೇ ಎಂದು 1918ರಲ್ಲಿ ಪ್ರಕಟಿಸಿದರು. ದೊಡ್ಡ ದೊಡ್ಡ ಪಂಡಿತರು ಒಪ್ಪಲಿಲ್ಲ. ಆಕೆ ಹೆಂಗಸು, ಡಾಕ್ಟರೇಟ್ ಪದವಿಯೂ ಇರಲಿಲ್ಲ, ಹಾಲಿನ ವ್ಯಾಪಾರಿಗಳಿಗಂತೂ ಆ ಮಾತು ಹಿಡಿಸಲೇ ಇಲ್ಲ. 1922ರಲ್ಲಿ ಪ್ರಯೋಗಶಾಲೆಯಲ್ಲಿಯೇ ಆಕೆಗೆ ಈ ರೋಗ ತಗಲಿತು. ಮುಂದೆ ಸುಮಾರು ಎರಡು ದಶಕ ಅದು ಬಿಟ್ಟುಬಿಟ್ಟು ಕಾಡಿತು. ಅಂಥ ಸ್ಥಿತಿಯಲ್ಲಿಯೂ ಆಕೆ ತಮ್ಮ ಶಾಸ್ತ್ರಸಂಸ್ಥೆಗೆ 1928ರಲ್ಲಿ ಅಧ್ಯಕ್ಷರಾದರು. ಆ ಪದವಿಗೇರಿದ ಮೊದಲ ಮಹಿಳೆ ಅವರೇ. ನಮ್ಮ ಶಾಲೆಯ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿಟ್ಟುಕೊಂಡರೆ ನಮಗೆ ಸಂತೋಷ.

ಇನ್ನು ಮನುಷ್ಯನ ಕಡೆಗೆ ಬರೋಣ. ಈ ಜ್ವರವು ಏರುತ್ತ ಇಳಿಯುತ್ತ ಹೋಗುತ್ತದೆ. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು. ಸೊಂಟ, ಮೊಣಕಾಲು, ಬೆನ್ನುಗಳಲ್ಲಿ ನೋವು. ಎದ್ದು ಕೂಡಲಾರದಂಥ ನಿಶ್ಶಕ್ತಿ. ಗಂಡಸರಲ್ಲಿ ವೃಷಣಗಳು ಬಾಯುವುದುಂಟು, ಬಸುರಿಯರಲ್ಲಿ ಗರ್ಭಪಾತವಾಗುವುದುಂಟು. ಟೈಫಾಯ್ಡೆಂದೋ ಮಲೇರಿಯವೆಂದೋ ಔಷಧ ನಡೆದು, ಸ್ವಲ್ಪ ಇಳಿದು, ಮತ್ತೆ ಮರುಕಳಿಸುತ್ತದೆ. ರೋಗಿಯನ್ನು ‘ಮೈಗಳ್ಳ’ ಎಂದು ಮನೆಯವರೇ ಅನ್ನತೊಡಗುತ್ತಾರೆ; ಇದು ಎಲ್ಲಕ್ಕಿಂತ ದುಃಖದ ಸಂಗತಿ. ಇಂಥ ಜ್ವರ ಬಂದಾಗ ವೈದ್ಯರ ಮುಂದೆ ಕುಳಿತು, ‘ನಮ್ಮ ಮನೆಯಲ್ಲಿ ದನಗಳಿವೆ, ಈಚೆಗೆ ಒಂದು ಎಮ್ಮೆ ಕಂದು ಹಾಕಿತು’ ಎಂಬ ಒಂದು ವಾಕ್ಯವನ್ನು ಹೇಳಬೇಕು. ಆಗ ಅವರು ತಕ್ಕ ರಕ್ತಪರೀಕ್ಷೆ ಮಾಡಿಸುತ್ತಾರೆ. ರೋಗವು ಗುಣವಾಗುವಂಥದೇ, ಆದರೆ ಸಾಮಾನ್ಯವಾಗಿ ಎರಡು ಔಷಧಗಳನ್ನು ಕೂಡಿಸಿ ಆರು ವಾರಗಳಷ್ಟು ಕಾಲ ತೆಗೆದುಕೊಳ್ಳಬೇಕಾಗುತ್ತದೆ. ಎರಡನೆಯ ವಾರಕ್ಕೆ ಹಗುರೆನಿಸಿತೆಂದು ಮಾತ್ರೆ ಬಿಟ್ಟವರಿಗೆ ಜ್ವರ ಮರಳಿ ಬರುವ ಸಂಭವ ಹೆಚ್ಚು. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಇದು ಹರಡುವುದು ಬಹಳ ಅಪರೂಪ. ಆದುದರಿಂದ ರೋಗಿಯ ತಟ್ಟೆ-ಲೋಟ ಬೇರೆ ಇಡುವ, ಅವನನ್ನು ಪಡಸಾಲೆಯಲ್ಲಿ ಒಂಟಿಯಾಗಿ ಮಲಗಿಸುವ ಕಾರಣವಿಲ್ಲ.

ತಡೆಯುವ ಬಗೆ ಏನು? ಹಾಲಿನ ವಿಷಯದಲ್ಲಿ ನಮ್ಮ ತಾಯಂದಿರು ಅರ್ಧ ಕೆಲಸವನ್ನು ಆಗಲೇ ಮಾಡಿದ್ದಾರೆ. ಹಾಲನ್ನು ಉಕ್ಕು ಬರುವವರೆಗೆ ಕಾಯಿಸುವ ನಮ್ಮ ಮನೆಗಳ ಪದ್ಧತಿಯು ಈ ಅಣುಜೀವಿಯನ್ನು ಪೂರ್ತಿಯಾಗಿ ಕೊಲ್ಲುತ್ತದೆ. ಕಾಯಿಸಿ ಹೆಪ್ಪು ಹಾಕಿದ ಮೊಸರಿಗೂ, ಬೇಯಿಸಿ ಮಾಡಿದ ಗಿಣ್ಣಕ್ಕೂ ಅಂಜಬೇಕಾಗಿಲ್ಲ. ಅಂಜಬೇಕಾದುದು ರೂಢಿಯ ಎರಡು ಕಿಂಡಿಗಳಿಗೆ. ಒಂದು, ಕುರಿ ಆಡು ಕಾಯಲು ಹೋದ ಹುಡುಗರು ಅಡವಿಯಲ್ಲಿ ಆಡಿನ ಮೊಲೆಗೆ ನೇರವಾಗಿ ಬಾಯಿ ಹಚ್ಚುವುದು. ಇನ್ನೊಂದು, ನಮ್ಮ ಪೈಲವಾನರ ನೊರೆಹಾಲು. ಸಾಂಗಲಿ-ಕೊಲ್ಲಾಪುರದ ಸೀಮೆಯಲ್ಲಿ ಕುಸ್ತಿಯ ಮೋಹವಿರುವ ತರುಣರು ಎಮ್ಮೆಯ ಕೆಳಗೇ ಲೋಟ ಹಿಡಿದು, ಇನ್ನೂ ಬೆಚ್ಚಗಿರುವ ಹಾಲನ್ನು ಗಟಗಟನೆ ಕುಡಿಯುವುದನ್ನು ಎಲ್ಲರೂ ಬಲ್ಲರು. ಕಾಯಿಸಿದರೆ ಹಾಲಿನ ಶಕ್ತಿ ಹೋಗುತ್ತದೆಂಬುದು ಅವರ ವಾದ. ಮೈ ಕಟ್ಟುವ ಸತ್ತ್ವವು ಕಾಯಿಸಿದ ಹಾಲಿನಲ್ಲಿಯೂ ಉಳಿದಿರುತ್ತದೆ. ಈ ಜ್ವರವೊಂದು ಬಂದಿತೆಂದರೆ ಆರು ತಿಂಗಳ ಕಸರತ್ತು ಮಣ್ಣುಪಾಲಾದೀತು.

ಹಾಲಿಗಿಂತಲೂ ನಮಗೆ ಹೆಚ್ಚು ಚಿಂತೆಯಾಗಿರುವುದು ಕೈಗಳದು. ಕರು ಅಡ್ಡಬಂದಾಗ, ಮಾಸು ಬೀಳದಿದ್ದಾಗ ಮನೆಯವರು ಬರಿಗೈ ಹಾಕುತ್ತಾರೆ. ಒಕ್ಕಲುತನದ ಕೈಯಲ್ಲಿ ಸೀಳು, ಗಾಯಗಳಿಗೆ ಬರವೇ? ಅದರೊಳಗಿಂದ ರೋಗಾಣು ಒಳಹೊಗುತ್ತದೆ. ಸಿಡಿದ ಹನಿ ಕಣ್ಣಿಗೆ ಬಿದ್ದರೂ ಸಾಕು. ಕೈಗವಸು ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನಾದರೂ ಮೊಣಕೈವರೆಗೆ ಕಟ್ಟಿಕೊಳ್ಳಬೇಕು. ಮೂಗು-ಬಾಯಿಗೆ ವಸ್ತ್ರ ಸುತ್ತಬೇಕು. ಆಮೇಲೆ ಸಾಬೂನಿನಿಂದ ತಿಕ್ಕಿ ತೊಳೆಯಬೇಕು. ಬಸುರಿಯರನ್ನೂ ಮಕ್ಕಳನ್ನೂ ಆ ಹೊತ್ತಿಗೆ ಕೊಟ್ಟಿಗೆಯೊಳಗೆ ಬಿಡಕೂಡದು. ಮಾಸನ್ನು ತಿಪ್ಪೆಗೆ ಎಸೆದರೆ ನಾಯಿ ಊರೆಲ್ಲ ಎಳೆದಾಡುತ್ತದೆ. ಕೆಲವೆಡೆ ಅದನ್ನು ಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ತೂಗಹಾಕುತ್ತಾರೆ. ಆಲದಂತೆ ಆಕಳಿಗೂ ಹಾಲು ಸುರಿಯಲೆಂಬ ಆಶಯ. ಆಶಯ ಒಳ್ಳೆಯದೇ, ಆದರೆ ಚೀಲ ಹರಿದರೆ ಕಾಗೆ-ನಾಯಿಗಳ ಪಾಲು. ಆಳವಾದ ಕುಣಿ ತೋಡಿ, ಮೇಲೆ ಸುಣ್ಣ ಚೆಲ್ಲಿ ಹೂಳುವುದೇ ಸರಿ.

ಪ್ರಸಂಗ ಬಂದುದರಿಂದ ಇನ್ನೊಂದು ಮಾತು. ಮುನ್ನಾದಿನ ಚೆನ್ನಾಗಿದ್ದ ದನವು ಬೆಳಗಾಗುವಷ್ಟರಲ್ಲಿ ಸತ್ತು, ಮೂಗು-ಗುದಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅದು ಆಂತ್ರಾಕ್ಸ್ ಇರಬಹುದು. ಮರಾಠಿಯಲ್ಲಿ ಕಾಳಪುಳಿ ಎನ್ನುತ್ತಾರೆ. ಅಂಥ ಹೆಣವನ್ನು ಸುಲಿಯಬಾರದು, ಕೊಯ್ಯಬಾರದು, ಮಾಂಸವನ್ನು ಮುಟ್ಟಬಾರದು. ಗಾಳಿ ತಾಗಿದೊಡನೆ ಅದರ ಅಣುಜೀವಿಗಳು ಗಟ್ಟಿ ಕವಚ ತೊಟ್ಟು ಮಣ್ಣಿನಲ್ಲಿ ದಶಕಗಟ್ಟಲೆ ಕಾದಿರುತ್ತವೆ. ಹೆಣವನ್ನು ಇದ್ದಂತೆಯೇ ಬಿಟ್ಟು ದವಾಖಾನೆಗೆ ಸುದ್ದಿ ಮುಟ್ಟಿಸಬೇಕು.

ಈಗ ಎಲ್ಲಕ್ಕಿಂತ ಕಠಿನವಾದ ಮಾತಿಗೆ ಬಂದಿದ್ದೇವೆ. ಕಂದು ಹಾಕಿದ ಎಮ್ಮೆಯನ್ನು ನಮ್ಮಲ್ಲಿ ಹಲವರು ಏನು ಮಾಡುತ್ತಾರೆ? ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಮುಂದಿನ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಕೊಂಡವನ ಕೊಟ್ಟಿಗೆಗೆ ರೋಗವೂ ಹಗ್ಗದೊಡನೆ ಹೋಗುತ್ತದೆ. ಮಾರಿದವನನ್ನು ದುಷ್ಟನೆಂದು ಬೈದು ಮುಗಿಸುವುದು ಸುಲಭ. ಆದರೆ ಮಳೆಯಿಲ್ಲದ ನಮ್ಮ ನೆಲದಲ್ಲಿ ಆ ಎಮ್ಮೆಯ ಮೇಲೆ ಸೊಸೈಟಿಯ ಸಾಲವಿರುತ್ತದೆ, ಮಗಳ ಮದುವೆಯ ಲೆಕ್ಕವಿರುತ್ತದೆ. ಹೊರದೇಶಗಳಲ್ಲಿ ರೋಗದ ದನವನ್ನು ಕೊಂದು, ಒಡೆಯನಿಗೆ ಸರಕಾರ ಬೆಲೆ ಕಟ್ಟಿಕೊಟ್ಟು ರೋಗವನ್ನು ಹತೋಟಿಗೆ ತಂದರು. ಆ ಕ್ರಮ ನಮ್ಮಲ್ಲಿ ನಡೆಯುವುದು ಕಷ್ಟ. ಹಾನಿಯನ್ನೆಲ್ಲ ಬಡವನೇ ಹೊರಬೇಕೆಂದರೆ ಅವನು ಮುಚ್ಚಿಡುವುದು ಆಶ್ಚರ್ಯವಲ್ಲ. ಇದಕ್ಕೆ ದಾರಿ ಕಾಣಿಸುವ ಹೊಣೆ ಹಾಲಿನ ಸಂಘಗಳ ಮೇಲೆಯೂ ಸರಕಾರದ ಮೇಲೆಯೂ ಇದೆಯೆಂದೇ ನಮ್ಮ ಅಭಿಪ್ರಾಯ. ಹಾಗಿದ್ದರೂ ಮುಚ್ಚಿಡುವ ಹಕ್ಕು ನಮಗಿಲ್ಲ. 2009ರ ಕೇಂದ್ರ ಶಾಸನದ ಪ್ರಕಾರ ಇಂಥ ರೋಗದ ಶಂಕೆ ಬಂದರೆ ತಿಳಿಸುವುದು, ಆ ದನವನ್ನು ಉಳಿದವುಗಳಿಂದ ಬೇರೆ ಕಟ್ಟುವುದು ಒಡೆಯನ ಕರ್ತವ್ಯ. ಕೊಳ್ಳುವವರಾದರೂ ಹಲ್ಲು ಎಣಿಸುವುದರ ಜೊತೆಗೆ ರಕ್ತಪರೀಕ್ಷೆಯ ಚೀಟಿಯನ್ನೂ ಕೇಳುವ ರೂಢಿ ಮಾಡಿಕೊಳ್ಳಬಹುದಲ್ಲವೇ?

ರೋಗ ಹಿಡಿದ ದನಕ್ಕೆ ಔಷಧ ಕೊಡುವ ರೂಢಿಯಿಲ್ಲವಾದರೂ, ಹಿಡಿಯದಂತೆ ಕಾಯುವ ಲಸಿಕೆ ಇದೆ. ಅದರ ಹುಟ್ಟೂ ಸ್ವಾರಸ್ಯವಾದುದು. 1923ರಲ್ಲಿ ಅಮೆರಿಕೆಯ ಜಾನ್ ಬಕ್ ಎಂಬ ಶಾಸ್ತ್ರಜ್ಞನು ಒಂದು ಆಕಳ ಹಾಲಿನಿಂದ ಬೇರ್ಪಡಿಸಿದ ಅಣುಜೀವಿಯು ಪ್ರಯೋಗಶಾಲೆಯಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಹಾಗೆಯೇ ಬಿದ್ದುಕೊಂಡು ತನ್ನ ವಿಷವನ್ನು ಬಹುಮಟ್ಟಿಗೆ ಕಳೆದುಕೊಂಡಿತು. ರಕ್ಷಣೆ ಕೊಡುವ ಗುಣ ಮಾತ್ರ ಉಳಿಯಿತು. ‘ಹತ್ತೊಂಬತ್ತನೆಯ ತಳಿ’ಯೆಂಬ ಆ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಆಯುಷ್ಯದಲ್ಲಿ ಒಂದೇ ಸಲ ಚುಚ್ಚುತ್ತಾರೆ. ಗಂಡುಗರುಗಳಿಗೂ ಗಬ್ಬದ ಆಕಳುಗಳಿಗೂ ಕೊಡುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಲ್ಲಿ ಕಾಲುಬಾಯಿ ಬೇನೆಯ ಲಸಿಕೆಯೊಡನೆ ಇದನ್ನೂ ಸೇರಿಸಲಾಯಿತು. ಕಿವಿಗೆ ಹಾಕುವ ಹನ್ನೆರಡು ಅಂಕಿಗಳ ಹಳದಿ ಬಿಲ್ಲೆಯನ್ನು ಕಂಡು ಕೆಲವರು ತೆರಿಗೆ ಬಂದೀತೆಂದು ಹೆದರಿ ಕರುಗಳನ್ನು ಹೊಲಕ್ಕೆ ಅಟ್ಟಿಬಿಡುವುದುಂಟು. ಆ ಬಿಲ್ಲೆಯು ಕರುವಿನ ಗುರುತಿನ ಸಂಖ್ಯೆ. ಯಾವ ಕರುವಿಗೆ ಲಸಿಕೆಯಾಯಿತೆಂದು ತಿಳಿಯಲಿಕ್ಕೆ ಅದೇ ಆಧಾರ.

ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮಿಂದ ಆಗಬೇಕಾದ ಕೆಲಸವೊಂದಿದೆ. ದವಾಖಾನೆಯ ಸೂಚನೆಗಳೆಲ್ಲ ಮರಾಠಿಯಲ್ಲಿರುತ್ತವೆ, ಅದು ಸಹಜವೇ. ನಿಮ್ಮ ಮನೆಯ ಹಿರಿಯರಲ್ಲಿ ಅನೇಕರಿಗೆ ಆ ಬರಹ ಓದಲು ಬಾರದು. ನಿಮಗಾದರೋ ಎರಡೂ ಭಾಷೆಗಳು ಬರುತ್ತವೆ. ಆ ಫಲಕವನ್ನು ಬರೆದುಕೊಂಡು ಬಂದು, ನಿಮ್ಮ ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಕೊಟ್ಟಿಗೆಯ ಗೋಡೆಗೆ ಅಂಟಿಸಿರಿ. ‘ಸಾಂಸರ್ಗಿಕ ಗರ್ಭಪಾತ’ ಎಂದು ಬರೆಯಬೇಡಿ. ‘ಕಂದು ಹಾಕುವ ಬೇನೆ’ ಎಂದೇ ಬರೆಯಿರಿ.

ಮನೆಯಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿರುವವರು ಸಭೆ ಮುಗಿದ ಮೇಲೆ ತಮ್ಮ ಹೆಸರು, ಊರು, ಕರುಗಳ ಸಂಖ್ಯೆಗಳನ್ನು ವರ್ಗದ ಗುರುಗಳಲ್ಲಿ ಬರೆಯಿಸಬೇಕು. ಪಟ್ಟಿಯನ್ನು ನಾಳೆ ಬೆಳಿಗ್ಗೆ ದವಾಖಾನೆಗೆ ಮುಟ್ಟಿಸುತ್ತೇವೆ.